ಇಂಚಿನ ಬೋಲ್ಟಿನ ಡಬ್ಬಿ

ಹಾಸನದ ನನ್ನ ಗಾಡಿ ರಿಪೇರಿ ಶೆಡ್ಡಿನಲ್ಲಿ ಎರಡು ತಗಡಿನ ಡಬ್ಬಿಗಳಿವೆ. ಕೆಂಪು ಬಣ್ಣ ಬಳಿದದ್ದು ಇಂಚಿನ ಬೋಲ್ಟಿಗೆ, ಬಣ್ಣವಿಲ್ಲದ್ದು ಮಿಲಿಮೀಟರಿನವಕ್ಕೆ. ಇಂಗ್ಲೆಂಡಿನ ಹಳೆಯ ಕಾರುಗಳು ಇಂಚಿನ ಲೆಕ್ಕದವು, ಈಗಿನವೆಲ್ಲ ಮಿಲಿಮೀಟರು. ನನಗೆ ಕೆಲಸ ಕಲಿಸಿದ ಗುರುಗಳು ಬೇರೇನನ್ನು ಕ್ಷಮಿಸಿದರೂ ಇವೆರಡನ್ನು ಬೆರೆಸಿದರೆ ಕ್ಷಮಿಸುತ್ತಿರಲಿಲ್ಲ. "ನೋಡಕ್ಕೆ ಎಲ್ಡೂ ಒಂದೇ ತರ ಕಣ್ಲಾ. ಎಲ್ಡ್ ಸುತ್ತು ಸಲೀಸಾಗಿ ಓಗ್ತದೆ, ಮೂರನೇ ಸುತ್ತಿಗೆ ಗಾಡಿ ಪ್ರಾಣ ತೆಗೀತದೆ" ಎನ್ನುತ್ತಿದ್ದರು.

ಅವರಿದ್ದಾಗ ಇಂಗ್ಲಿಷ್ ಗಾಡಿಗಳಿಗೆ ಬರವಿರಲಿಲ್ಲ. ಅರಕಲಗೂಡಿನ ಡಾಕ್ಟರದೊಂದು ಕಾರು, ಕೊಣನೂರು ಸಂತೆಗೆ ತರಕಾರಿ ಹೊರುತ್ತಿದ್ದ ವ್ಯಾನು, ಚನ್ನರಾಯಪಟ್ಟಣದ ಬೆಲ್ಲದ ಮಂಡಿಯವರ ಕಾರು, ಹೀಗೆ. ಆಮೇಲೆ ಬೆಂಗಳೂರಿನ ಬಿಡಿಭಾಗದ ಅಂಗಡಿಯಲ್ಲಿ "ಸ್ಟಾಕ್ ಇಲ್ಲ" ಅನ್ನುವುದು ಶುರುವಾಯಿತು. ಒಂದು ಸಲ ಹೋದಾಗ ಆ ಗಾಡಿ ಮಾಡುವ ಕಂಪನಿ ಇನ್ನೊಂದು ಕಂಪನಿಯೊಳಗೆ ಸೇರಿತು ಅಂದರು. ಮತ್ತೊಂದು ಸಲ, ಕಾರ್ಖಾನೆ ಮುಚ್ಚಿತು, ಹೆಸರೊಂದು ಉಳಿದಿತ್ತು, ಅದನ್ನೂ ಬೇರೆ ದೇಶದವರು ಕೊಂಡುಕೊಂಡರು ಅಂದರು. ಯಾಕೆ ಹೀಗಾಯಿತು ಎಂದು ಕೇಳಿದರೆ ಒಬ್ಬ ಮುಷ್ಕರ ಅಂದ, ಒಬ್ಬ ಜಪಾನಿನ ಗಾಡಿ ಅಂದ. ಅಲ್ಲಿನ ಆಳುಗಳೂ ಧಣಿಗಳೂ ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡಿರಬೇಕು ಎಂದುಕೊಂಡೆ. ಆ ಗಾಡಿಗಳು ಎಣ್ಣೆ ಸೋರಿಸುತ್ತಿದ್ದ ಚೆಂದ ನೋಡಿದ್ದರೆ, ಅರ್ಧ ಕಾರಣವನ್ನು ನನ್ನ ಶೆಡ್ಡಿನ ನೆಲವೇ ಹೇಳುತ್ತಿತ್ತು.

ಕಾರಣ ಏನೇ ಇರಲಿ, ನನಗೊಂದು ಮಾತು ಸಿಕ್ಕಿತು. ಕೆಲಸ ತಡವಾದರೆ, ಕೆಟ್ಟರೆ, ನಾನೇ ಮೈಗಳ್ಳತನ ಮಾಡಿದರೆ, "ಕಾರ್ಖಾನೆನೇ ಮುಚ್ಚೋದ್ಮೇಲೆ ನಾನೇನ್ ಮಾಡ್ಲಿ ಸಾ?" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಡೊಂಕು ನೆಲ ಇಂಗ್ಲೆಂಡಿನಲ್ಲಿತ್ತು, ಯಾರೂ ಹೋಗಿ ನೋಡುವಂತಿರಲಿಲ್ಲ. ಮೂವತ್ತು ವರ್ಷ ಆ ಮಾತಿನಲ್ಲೇ ಕಾಲ ಹಾಕಿದೆ.

ಡಾಕ್ಟರ ಕಾರು ಗುಜರಿಗೆ ಹೋಯಿತು. ವ್ಯಾನಿನಲ್ಲಿ ಈಗ ಕೋಳಿಗಳು ಮಲಗುತ್ತವೆ. ಉಳಿದದ್ದು ಮಂಡಿಯವರದೊಂದೇ. ಅವರ ಮನೆಯಲ್ಲೊಂದು ಪದ್ಧತಿಯಿತ್ತು: ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವುದು ಆ ಕಾರಿನಲ್ಲೇ. ಯಜಮಾನರ ಸೋದರತ್ತೆ, ತಂಗಿಯರು, ದೊಡ್ಡ ಮಗಳು, ಎಲ್ಲರೂ ಹಾಗೇ ಹೋದವರು. ಹೋದ ವರ್ಷ ಕೊನೆಯ ಮಗಳ ಮದುವೆ ಗೊತ್ತಾಯಿತು, ಗಂಡು ಹೊಳೆನರಸೀಪುರದವನು. ಚಿಕ್ಕವಳಿದ್ದಾಗ ಆ ಹುಡುಗಿ ಸ್ಟಿಯರಿಂಗ್ ಹಿಡಿದು ಕೂತು, "ನನ್ ಮದ್ವೆಗೂ ಇದು ಓಡ್ಬೇಕು ಅಂಕಲ್" ಎಂದು ಅಪ್ಪಣೆ ಮಾಡುತ್ತಿದ್ದಳು. ಆಗಲವ್ವ ಅಂದಿದ್ದೆ.

ಮದುವೆಗೆ ನಾಲ್ಕು ದಿನವಿತ್ತು. ಕಾರಿನ ಎಂಜಿನ್ ತಣಿಸುವ ವಾಟರ್ ಪಂಪು ಬಿಚ್ಚಿ, ತೊಳೆದು, ಮತ್ತೆ ಕೂರಿಸುತ್ತಿದ್ದೆ. ಇಲ್ಲೊಂದು ವಿಷಯ ಹೇಳಿಬಿಡಬೇಕು. ಇಂಚಿನ ಬೋಲ್ಟುಗಳು ಒಂದು ಹಿಡಿಗೆ ಇಳಿದಿದ್ದವು. ಇಷ್ಟಕ್ಕೆ ಬೇರೆ ಡಬ್ಬಿ ಯಾಕೆಂದು ಅವನ್ನು ಮಿಲಿಮೀಟರಿನ ಡಬ್ಬಿಗೆ ಸುರಿದು, ಕೆಂಪು ಡಬ್ಬಿಯಲ್ಲಿ ಟೀಗೆ ಸಕ್ಕರೆ ಇಟ್ಟುಕೊಂಡಿದ್ದೆ. ಒಂದು ಬೋಲ್ಟು ಎತ್ತಿಕೊಂಡೆ. ಎರಡು ಸುತ್ತು ಹೋಯಿತು, ಮೂರನೆಯದಕ್ಕೆ ಬಿಗಿಯಾಯಿತು. ಕೈಗೆ ಗೊತ್ತಾಯಿತು. ಆದರೆ ಬೆಳಗಿನಿಂದ ಬಗ್ಗಿ ಸೊಂಟ ಬಿದ್ದುಹೋಗಿತ್ತು, ಇದೊಂದು ಮುಗಿಸಿದರೆ ಊಟಕ್ಕೆ ಹೋಗಬಹುದು ಅನ್ನಿಸುತ್ತಿತ್ತು. ತುಕ್ಕಿರಬೇಕೆಂದು ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದೆ. ಟಕ್ ಅಂತು. ಬೋಲ್ಟು ಕೂರುವ ಪಂಪಿನ ಕಿವಿ ಒಡೆದು ಕೈಗೆ ಬಂತು.

ವೆಲ್ಡಿಂಗ್ ಅಂಗಡಿಯವನು ಎರಡು ಸಲ ಬೆಸೆದುಕೊಟ್ಟ. ಬಿರುಕು ಒಳಗೂ ಓಡಿತ್ತು, ಎರಡು ಸಲವೂ ನೀರು ಸೋರಿತು. ಹಳೆಯ ಪಂಪಿಗಾಗಿ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ, ಎಲ್ಲೂ ಇಲ್ಲ. ಕೊನೆಗೆ ಮೊಬೈಲಿನಲ್ಲಿ ಆ ಕಾರ್ಖಾನೆಯನ್ನೇ ಹುಡುಕಿದೆ. ಅದಿದ್ದ ಜಾಗದ ಫೋಟೋದಲ್ಲಿ ಸಾಲುಮನೆಗಳಿದ್ದವು, ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಹೋಗುತ್ತಿದ್ದಳು. ಬೈಯೋಣವೆಂದರೂ ಅಲ್ಲಿ ಯಾರೂ ಇರಲಿಲ್ಲ.

ಪಂಪು ಹೋಯಿತು, ಎಲ್ಲೂ ಸಿಗುತ್ತಿಲ್ಲ ಎಂದಷ್ಟೇ ಯಜಮಾನರಿಗೆ ಹೇಳಿದೆ. ಅವರು, "ಬುಡಿ ಮೇಸ್ತ್ರಿ, ಕಾರ್ಖಾನೆನೇ ಮುಚ್ಚೋದ್ಮೇಲೆ ನೀವೇನ್ ಮಾಡಕಾಯ್ತದೆ?" ಅಂದರು. ನನ್ನ ಮಾತೇ ನನಗೆ ವಾಪಸು ಬಂತು. ಊಂ ಎಂದು ಫೋನಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಚನ್ನರಾಯಪಟ್ಟಣದ ಛತ್ರದಲ್ಲಿ ಮದುವೆಯಾಯಿತು. ಮಧ್ಯಾಹ್ನ ಬಾಗಿಲಿಗೆ ಬಂದು ನಿಂತದ್ದು ಬಾಡಿಗೆಯ ಹೊಸ ಬಿಳಿ ಕಾರು. ಹುಡುಗಿ ಹತ್ತುವ ಮೊದಲು ನನ್ನನ್ನು ಹುಡುಕಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅತ್ತು ಕಣ್ಣು ಕೆಂಪಗಾಗಿತ್ತು. "ಆ ಇಂಗ್ಲೆಂಡ್ನೋರು ಹಾಳಾಗೋಗ್ಲಿ, ಅಲ್ವಾ ಅಂಕಲ್? ಒಂದ್ ಪಂಪ್ ಮಾಡಿಡಕ್ಕೆ ಆಗ್ಲಿಲ್ಲ" ಅಂದಳು.

"ಊಂ ಕಣವ್ವ" ಅಂದೆ.

ಕಾರು ಹೊಳೆನರಸೀಪುರದ ಕಡೆ ತಿರುಗಿ ಮರೆಯಾಯಿತು. ಎಲ್ಲರೂ ಒಳಗೆ ಹೋದರು. ಯಜಮಾನರೊಬ್ಬರೇ ಇನ್ನೂ ರಸ್ತೆ ನೋಡುತ್ತ ನಿಂತಿದ್ದರು. ಹತ್ತಿರ ಹೋಗಿ, "ಯಜಮಾನ್ರೇ, ಕಾರ್ಖಾನೆ ಅಲ್ಲ. ತಪ್ಪು ಬೋಲ್ಟ್ ಹಾಕಿ ನಾನೇ ಮುರಿದೆ" ಅಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ನಮ್ ಮಗೀಗೆ ಯೋಳ್ಬೇಡಿ ಮೇಸ್ತ್ರಿ. ಇಂಗ್ಲೆಂಡ್ನೋರ್ನೇ ಬೈಕಳ್ಳಿ. ಅವ್ರು ದೂರ ಅವ್ರೆ, ಕಿವೀಗ್ ಬೀಳಾಕಿಲ್ಲ. ನೀವು ನಮ್ಮೋರು."

ಅಂದವರು ಊಟಕ್ಕೆ ಕರೆಯಲಿಲ್ಲ. ಒಬ್ಬರೇ ಒಳಗೆ ಹೋದರು. ನಾನು ಹಾಸನದ ಬಸ್ಸು ಹತ್ತಿ ಶೆಡ್ಡಿಗೆ ಬಂದೆ. ಕೆಂಪು ಡಬ್ಬಿಯ ಸಕ್ಕರೆ ಚೆಲ್ಲಿ, ಇಂಚಿನ ಬೋಲ್ಟುಗಳನ್ನು ಒಂದೊಂದಾಗಿ ಆರಿಸಿ ಅದಕ್ಕೆ ಹಾಕಿದೆ. ಅವನ್ನು ಹಾಕುವ ಗಾಡಿ ಇನ್ನು ನನ್ನ ಹತ್ತಿರ ಒಂದೂ ಇಲ್ಲ.