ದೇವುವಿನ ಬಲಗೈ

ನಮ್ಮೂರು ಮಂಕಿಯಲ್ಲಿ ಮಂಗ ಹಿಡಿಯುವುದಕ್ಕೆ ದೇವುವಿನಷ್ಟು ಕೈ ಪಳಗಿದವರು ಇನ್ನೊಬ್ಬರಿರಲಿಲ್ಲ. ತೆಂಗಿನ ತೋಟದಲ್ಲಿ ಬೋನು ಇಟ್ಟು, ಒಳಗೆ ಬಾಳೆಹಣ್ಣು ಕಟ್ಟಿ, ದೂರದಲ್ಲಿ ಬೀಡಿ ಸೇದುತ್ತ ಕೂರುತ್ತಿದ್ದ. ಸಿಕ್ಕಿದ ಮಂಗಗಳನ್ನು ಬಾಡಿಗೆ ಟೆಂಪೊದಲ್ಲಿ ಕುಮಟೆ ಕಡೆಯ ಯಾವುದಾದರೂ ಊರಿನ ಅಂಚಿಗೆ ಬಿಟ್ಟು ಬರುತ್ತಿದ್ದ. ನಮ್ಮ ಪೀಡೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಮ್ಮೂರಿನವರು ಜಾಣತನ ಎನ್ನುತ್ತಾರೆ. ಆ ಕಡೆಯವರೂ ಜಾಣರೇ. ತಮ್ಮ ಮಂಗಗಳನ್ನು ತಂದು ನಮ್ಮಲ್ಲಿ ಬಿಡುತ್ತಾರೆ.

ಪಕ್ಕದ ಮನೆಯ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಒಂದು ಸಂಜೆ ದೇವು ನನ್ನ ಜಗಲಿಗೆ ಬಂದು ಕೂತ. ಅವನು ಬಿಟ್ಟ ಗಂಡು ಮಂಗವನ್ನು ಅಲ್ಲಿನ ಹಿಂಡು ಅವನ ಕಣ್ಣೆದುರೇ ಸುತ್ತುವರಿದು ಕಚ್ಚಿ ಕೊಂದಿತ್ತಂತೆ.

"ಅದು ಎಂತ ತಪ್ಪು ಮಾಡಿತ್ತು ಮಾಸ್ತರೇ?"

"ಹೊರಗಿಂದು. ಅಷ್ಟೇ ತಪ್ಪು," ಎಂದೆ. ಚಿಂಪಾಂಜಿಗಳ ವಿಷಯವನ್ನೂ ಹೇಳಿದೆ. ಅವುಗಳ ಗಂಡುಗಳು ಗುಂಪು ಕಟ್ಟಿಕೊಂಡು ಸದ್ದಿಲ್ಲದೆ ಗಡಿ ಸುತ್ತುತ್ತವೆ, ಪಕ್ಕದ ಗುಂಪಿನದು ಒಂಟಿಯಾಗಿ ಸಿಕ್ಕರೆ ಕೊಲ್ಲುತ್ತವೆ. ನಮ್ಮ ಯುದ್ಧಗಳ ಬೇರೂ ಅಷ್ಟೇ ಹಳೆಯದಿರಬಹುದು ಎಂದು ಕೆಲವು ವಿಜ್ಞಾನಿಗಳ ಊಹೆ.

"ಹಂಗಾರೆ ನಾವೂ ಅದೇ ಜಾತಿ ಅಲ್ದಾ?"

"ಮನುಷ್ಯಂಗೆ ಬುದ್ಧಿ ಅದ್ಯಲ್ಲ ಮಾರಾಯ," ಎಂದು ಚಾ ಕೊಟ್ಟು ಕಳಿಸಿದೆ.

ಮುಂದಿನ ಸಲ ಕುಮಟೆ ಕಡೆಯ ಊರೊಂದರಲ್ಲಿ ಬೋನು ಇಳಿಸುತ್ತಿದ್ದಾಗ ಅಲ್ಲಿನ ಜನರೇ ದೇವುವನ್ನು ಸುತ್ತುವರಿದರು. "ನಾ ಕೂಲಿಗೆ ಬಂದವ," ಎಂದು ಕೈ ಮುಗಿದನಂತೆ. ಮುಗಿದ ಕೈಗೇ ದೊಣ್ಣೆ ಬಿತ್ತು. ಬಲಗೈಯ ಮೂಳೆ ಮುರಿದು, ಕೂಡಿದರೂ ನೆಟ್ಟಗಾಗಲಿಲ್ಲ. ತುತ್ತು ಎತ್ತುವುದಕ್ಕೂ ನೋವು. ಹೆಂಡತಿ ಮಾಸ್ತಮ್ಮನೇ ಉಣ್ಣಿಸಬೇಕಿತ್ತು. ಸೇಡು ತೀರಿಸಲು ಹೊರಟ ನಮ್ಮೂರ ಗಂಡಸರನ್ನು ತಡೆದವನೂ ಅವನೇ. "ಯಾರ ಮೇಲೂ ಕೈ ಎತ್ತುದಿಲ್ಲ. ನಾ ಮಂಗ ಅಲ್ಲ," ಎಂದು ದೇವರ ಮೇಲೆ ಆಣೆಯಿಟ್ಟ. ನನ್ನ ಪಾಠ ಒಬ್ಬನಿಗಾದರೂ ಹತ್ತಿತಲ್ಲ ಎಂದು ನಾನು ಬೀಗಿದೆ.

ಈ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಕುಮಟೆ ಕಡೆಯ ಬಡಪಾಯಿಯೊಬ್ಬ ನಮ್ಮ ತೋಟಗಳ ಬೇಲಿಯ ಹತ್ತಿರ ಮಂಗ ಬಿಡಲು ಬಂದು ಸಿಕ್ಕಿಬಿದ್ದ. ಗುಲ್ಲು ಕೇಳಿ ನಾನು ಓಡಿದೆ. ಜನ ಸೇರಿದ್ದರು, ಯಾರೂ ಇನ್ನೂ ಅವನನ್ನು ಮುಟ್ಟಿರಲಿಲ್ಲ. ಅವನು ಕೈ ಮುಗಿದು, "ನಾ ಕೂಲಿಗೆ ಬಂದವ ಅಣ್ಣಾ," ಎನ್ನುತ್ತಿದ್ದ. ಅಷ್ಟರಲ್ಲಿ ದೇವು ಜನರನ್ನು ಸರಿಸಿಕೊಂಡು ಮುಂದೆ ಬಂದ. ಇವನು ಬಿಡಿಸುತ್ತಾನೆ ಎಂದು ನನ್ನ ಜೀವ ಹಗುರವಾಯಿತು.

ಮೊದಲ ಪೆಟ್ಟು ಅವನದೇ. ಆಮೇಲೆ ಎಲ್ಲರೂ ಸೇರಿದರು. ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಆ ಮನುಷ್ಯ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತ.

ಪೊಲೀಸ್ ಜೀಪು ಬರುವವರೆಗೆ ದೇವು ನನ್ನ ಜಗಲಿಯಲ್ಲೇ ಕೂತಿದ್ದ. ನನಗೆ ಸಿಟ್ಟು, ಅಸಹ್ಯ, ಅಳು ಎಲ್ಲ ಒಟ್ಟಿಗೇ ಬಂತು.

"ಎಲ್ಲಾ ಗೊತ್ತಿದ್ದವ ನೀನು," ಎಂದೆ.

ಅವನು ತನ್ನ ಸೊಟ್ಟ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

"ಗೊತ್ತಿತ್ತು ಮಾಸ್ತರೇ. ಆದ್ರೆ ಹೊಡೀವಾಗ ಈ ಕೈ ಒಂಚೂರೂ ನೋಯ್ಲಿಲ್ಲ."