ಕಡೆಯ ಅಂಕ ಪೊಲೀಸರ ಹತ್ತಿರ ಇತ್ತು

ಹೋದ ಶನಿವಾರ ಇಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಮಗಳಿಗೆ ಸ್ಕೇಟಿಂಗ್ ಬೂಟು ಹುಡುಕುತ್ತಿದ್ದೆ. ಟೇಬಲ್ ಲ್ಯಾಂಪು, ಗೋಡೆ ಗಡಿಯಾರಗಳ ಪಕ್ಕ ಒಂದು ಕ್ಯಾಸೆಟ್ ಪ್ಲೇಯರ್ ಕೂತಿತ್ತು. ಸುಮ್ಮನೆ ಮುಚ್ಚಳ ತೆಗೆದೆ. ಹಳೆ ರಬ್ಬರು, ಬಿಸಿಯಾಗಿ ಆರಿದ ಪ್ಲಾಸ್ಟಿಕ್ಕು, ಒಂದಿಷ್ಟು ಧೂಳು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಲಿನ ಮನೆಯ ಅಡುಗೆಮನೆ ಕಣ್ಣ ಮುಂದೆ ಬಂತು. ಏನಾಯ್ತು ಅಂತ ಮಗಳು ಸ್ವೀಡಿಷ್‌ನಲ್ಲಿ ಕೇಳಿದಳು. ಏನೂ ಇಲ್ಲ ಎಂದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಇಷ್ಟು ವರ್ಷವಾದರೂ ಆರದ ಸಿಟ್ಟು ಅದು.

ಮೇಲಿನ ಮನೆಯಾಕೆಯನ್ನು ನಾನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ಗದಗಿನ ಕಡೆಯವರು. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ನಾವು ಬೆಂಗಳೂರಿನಿಂದ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಆಗಲೇ ಬಾಗಿಲು ತಟ್ಟಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟರು. "ಮೆಟ್ಟಿಲ ಮೇಲೆ ಕನ್ನಡ ಕೇಳಿಸ್ತು ರೀ, ನಿಲ್ಲಾಕ ಆಗ್ಲಿಲ್ಲ" ಎಂದರು. ನಾನು ಡಬ್ಬಿಯಲ್ಲಿ ಪುಳಿಯೋಗರೆ ಹಾಕಿ ವಾಪಸ್ ಕೊಟ್ಟೆ. ಅವರು ಅದರಲ್ಲೇ ಇನ್ನೇನೋ ತುಂಬಿ ಕಳಿಸಿದರು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಅನ್ನುವುದು ನಮ್ಮಮ್ಮನ ಮನೆಯಲ್ಲೂ ಇತ್ತು, ಆದರೆ ಆಪಾ ಅದನ್ನು ನಮಾಜಿನಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದರು.

ಪೆನ್ ಡ್ರೈವಿಗೂ ಅದೇ ನಿಯಮ. ಊರಿನ ಮದುವೆ ವಿಡಿಯೋ ತೋರಿಸಲೆಂದು ಯಾರಾದರೂ ಪೆನ್ ಡ್ರೈವ್ ಕೊಟ್ಟರೆ, ವಾಪಸ್ ಬರುವಾಗ ಅದರಲ್ಲಿ ಕನ್ನಡ ಸಿನಿಮಾಗಳು, ಮಕ್ಕಳ ಹಾಡುಗಳು ತುಂಬಿರುತ್ತಿದ್ದವು. ಇಲ್ಲಿ ದುಡ್ಡು ಕೊಟ್ಟರೂ ಸಿಗದ ಹಳೆಯ ಕಪ್ಪು ಬಿಳುಪು ಸಿನಿಮಾಗಳೇ ಹೆಚ್ಚು. ಹೊಸವೂ ಇದ್ದವು, ಇಲ್ಲವೆನ್ನಲಾರೆ. ಹೊಸ ಸಿನಿಮಾವನ್ನು ಬಿಟ್ಟಿ ನೋಡುವುದು ಸರಿ ಎಂದು ವಾದ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಇಲ್ಲಿಯ ಶಿಶುವಿಹಾರ ದಾಗಿಸ್‌ಗೆ ಹೋಗಿ ಬಂದು ಸ್ವೀಡಿಷ್‌ನಲ್ಲೇ ಜಗಳವಾಡುವ ನಮ್ಮ ಮಕ್ಕಳು ನಾಲ್ಕು ಮಾತು ಕನ್ನಡ ಕಲಿತದ್ದು ಆಪಾ ಮನೆಯ ಸೋಫಾದ ಮೇಲೆ. ಅದಕ್ಕೆ ಕಮ್ಯೂನಿನವರು, ನಮ್ಮ ಕಡೆಯ ನಗರಸಭೆಯಂಥವರು, ಒಂದು ಹೂಗುಚ್ಛ ಕೊಡಬೇಕಿತ್ತು.

ಆದರೆ ಆಪಾ ಕಂಪ್ಯೂಟರಿನ ಮುಂದೆ ಕೂರುತ್ತಿದ್ದದ್ದು ಸಿನಿಮಾಕ್ಕಾಗಿ ಅಲ್ಲ. ಅವರ ಅಬ್ಬಾ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರರಾಗಿದ್ದವರು. ಕಂಪನಿಯ ಅತ್ಯಂತ ಜನಪ್ರಿಯ ನಾಟಕವನ್ನು ಯಾರೋ ಕ್ಯಾಸೆಟ್ಟಿನವರು ಅಂಕಕ್ಕೊಂದು ಕ್ಯಾಸೆಟ್ಟಿನಂತೆ ರೆಕಾರ್ಡ್ ಮಾಡಿ ಮಾರಿದ್ದರು. ಕಡೆಯ ಅಂಕದಲ್ಲಿ ಪರದೆ ಬೀಳುವಾಗ ಮಾತಿಲ್ಲ, ಹಾಡಿಲ್ಲ, ಅಬ್ಬಾರ ಪೆಟ್ಟಿಗೆ ಒಂದೇ ನುಡಿಯುತ್ತಿತ್ತಂತೆ. ಜನ ಮನೆಗೆ ಹೋಗದೆ ಒನ್ಸ್ ಮೋರ್ ಕೂಗುತ್ತಿದ್ದರಂತೆ. ಅವರು ನುಡಿಸಿದ್ದರಲ್ಲಿ ಉಳಿದದ್ದು ಆ ಕ್ಯಾಸೆಟ್ಟುಗಳು ಮಾತ್ರ. ಮನೆಯಲ್ಲಿದ್ದ ಸೆಟ್ಟನ್ನು ಮದುವೆಗೆ ಬಂದ ನೆಂಟರು ಒಂದೊಂದಾಗಿ ಕೇಳಿ ಒಯ್ದು, ಯಾರೂ ತಂದುಕೊಡಲಿಲ್ಲ. ಕಂಪನಿ ಮುಚ್ಚಿತು. ಕ್ಯಾಸೆಟ್ಟಿನವರೂ ಅಂಗಡಿ ಎತ್ತಿದರು. ಎಲ್ಲೂ ಅದರ ಸುದ್ದಿ ಇರಲಿಲ್ಲ.

ಅದನ್ನು ಆಪಾ ಹುಡುಕುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಜನರೇ ಒಬ್ಬರಿಗೊಬ್ಬರು ಫೈಲು ಹಂಚಿಕೊಳ್ಳುವ ಆ ಲೋಕದಲ್ಲಿ ಯಾರು ಎಲ್ಲಿದ್ದಾರೋ ಗೊತ್ತಾಗುವುದಿಲ್ಲ. ಒಂದು ಅಂಕ ಶಾರ್ಜಾದಲ್ಲಿದ್ದ ಲಾರಿ ಡ್ರೈವರ್ ಒಬ್ಬರಿಂದ ಬಂತು. ಇನ್ನೊಂದು ಎಲ್ಲಿಂದಲೋ ಬಂತು. ಅಬ್ಬಾಗೆ ಆಗಲೇ ವಯಸ್ಸಾಗಿತ್ತು, ಮೊಮ್ಮಕ್ಕಳು ಗಿಜಿಗುಡುವ ಗದಗಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನ ಆಪಾ ಫೋನ್ ಮಾಡಿ, ಸಿಕ್ಕ ಅಂಕವನ್ನು ಅವರಿಗೆ ಕೇಳಿಸುತ್ತಿದ್ದರು. ಆ ಕಡೆಯಿಂದ ಮುದುಕರು ತಮ್ಮದೇ ತಪ್ಪು ಹಿಡಿದು, "ಇಲ್ಲಿ ಕೈ ಜಾರ್‍ಯಾದ ನೋಡು" ಎಂದು ನಗುತ್ತಿದ್ದದ್ದನ್ನು ನಾನೂ ಕೇಳಿದ್ದೇನೆ. ಕಡೆಯ ಅಂಕ ಯಾವಾಗ ಬರುತ್ತದೆ ಎಂದು ಪ್ರತಿ ಸಲ ಕೇಳುತ್ತಿದ್ದರು.

ಈ ಹಂಚಿಕೆಯ ವ್ಯವಸ್ಥೆಯಲ್ಲಿ ಒಂದು ವಿಷಯವಿದೆ. ನಾವು ಒಂದು ಫೈಲನ್ನು ಇಳಿಸಿಕೊಳ್ಳುತ್ತಿರುವಾಗಲೇ ಅದು ನಮ್ಮ ಕಂಪ್ಯೂಟರಿನಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ. ಬುದ್ಧಿವಂತರು ತಮ್ಮ ಕೆಲಸ ಆದಕೂಡಲೇ ಅದನ್ನು ನಿಲ್ಲಿಸುತ್ತಾರೆ. ನಾನು ಐಟಿಯವಳು, ಆಪಾಗೆ ಹೇಳಿಯೂ ಇದ್ದೆ. "ಇಸ್ಕೊಂಡು ಬಾಗ್ಲಾ ಹಾಕ್ಕೊಳ್ಳೋದಾ? ಛೇ, ಅದೆಂಥಾ ಪದ್ಧತಿ ರೀ" ಎಂದರು. ಅಡುಗೆಮನೆಯ ಮೂಲೆಯಲ್ಲಿ ಅವರ ಕಂಪ್ಯೂಟರ್ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬೀರುತ್ತಾ ಸದಾ ಗುಯ್ಗುಡುತ್ತಿತ್ತು. ತಾವು ತೆಗೆದುಕೊಂಡದ್ದನ್ನೆಲ್ಲ, ಹಳೆಯದು ಹೊಸದು ಎನ್ನದೆ, ಕೇಳಿದವರಿಗೆಲ್ಲ ಕೊಡುತ್ತಲೇ ಇತ್ತು.

ಕಡೆಯ ಅಂಕ ಬಂದದ್ದು ಜೂನ್ ತಿಂಗಳ ಒಂದು ಬುಧವಾರ, ಸೊಲ್ಲಾಪುರದ ಒಬ್ಬ ನಿವೃತ್ತ ಮೇಷ್ಟ್ರಿಂದ. ಆಪಾ ಓಡಿಕೊಂಡು ಕೆಳಗೆ ಬಂದು ನನ್ನನ್ನು ತಬ್ಬಿಕೊಂಡರು. ಕೇಳೋಣ ಬನ್ನಿ ಎಂದೆ. ಬೇಡವೆಂದರು. ಅಬ್ಬಾ ಮೊದಲು ಕೇಳಬೇಕು, ಶುಕ್ರವಾರ ಎಲ್ಲರೂ ಒಟ್ಟಿಗೆ ಕೇಳೋಣ ಎಂದರು.

ಗುರುವಾರ ಬೆಳಿಗ್ಗೆ ಪೊಲೀಸರು ಬಂದರು.

ನಾನು ಅಲ್ಲೇ ಇದ್ದೆ, ಡಬ್ಬಿ ಕೊಡಲು ಹೋಗಿದ್ದೆ. ಇಬ್ಬರು ಬಂದಿದ್ದರು, ಒಬ್ಬ ಗಂಡಸು, ಒಬ್ಬ ಹುಡುಗಿ, ತುಂಬಾ ಸಭ್ಯರು. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದರು. ಆಪಾ ಚಹಾಕ್ಕೆ ನೀರಿಟ್ಟರು, ಅವರು ಬೇಡ ಎಂದರು. ಮನೆಗೆ ಬಂದವರು ಚಹಾ ಬೇಡ ಎಂದದ್ದಕ್ಕೆ ಆಪಾ ಮುಖ ಬಾಡಿತು. ಸಿನಿಮಾ ಕಂಪನಿಗಳ ಪರವಾಗಿ ದೂರು ಬಂದಿದೆ, ಈ ಮನೆಯ ಇಂಟರ್ನೆಟ್ಟಿನಿಂದ ಬಹಳ ಫೈಲುಗಳು ಹಂಚಿಕೆಯಾಗಿವೆ ಎಂದು ಆ ಪೊಲೀಸ್ ಹುಡುಗಿ ಹೇಳಿದಳು. ಆಪಾ ಸ್ವೀಡಿಷ್ ಅಷ್ಟಕ್ಕಷ್ಟೇ. ನಾನು ಕನ್ನಡದಲ್ಲಿ ಹೇಳಿದೆ.

"ಆಪಾ, ನೀವು ಬೇರೆಯವರಿಗೆ ಹಂಚಿದ್ದೀರಾ ಅಂತ ಕೇಳ್ತಿದಾರೆ. ಲಾಯರ್ ಬಂದ್ಮೇಲೆ ಮಾತಾಡ್ತೀನಿ ಅನ್ನಿ. ಪ್ಲೀಸ್, ಬೇರೇನೂ ಹೇಳ್ಬೇಡಿ."

ಆಪಾಗೆ ಪ್ರಶ್ನೆಯೇ ಅವಮಾನವೆನಿಸಿತು. ತೆಗೆದುಕೊಂಡದ್ದಕ್ಕೆ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದರೋ ಏನೋ. ಕೊಟ್ಟಿದ್ದೀಯಾ ಎಂದು ಕೇಳಿದರೆ ಇಲ್ಲವೆನ್ನುವುದು ಹೇಗೆ? ನನ್ನನ್ನು ದಾಟಿ ಮುಂದೆ ಬಂದು, ಆ ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು, "ಯೆಸ್. ಐ ಗಿವ್ ಟು ಎವ್ರಿಬಡಿ. ಆಲ್ವೇಸ್" ಎಂದರು.

ಆ ಹುಡುಗಿ ಒಂದು ಗಳಿಗೆ ಅವರನ್ನೇ ನೋಡಿ ಬರೆದುಕೊಂಡಳು. ಕಾನೂನಿನ ಕಣ್ಣಿಗೆ ಸಿನಿಮಾ ನೋಡುವುದಕ್ಕಿಂತ ಹಂಚುವುದು ದೊಡ್ಡ ಅಪರಾಧ. ಅದನ್ನು ಆಪಾ ಎದೆಯುಬ್ಬಿಸಿ ಒಪ್ಪಿಕೊಂಡಿದ್ದರು. ಕಂಪ್ಯೂಟರು, ಹಾರ್ಡ್ ಡಿಸ್ಕು, ಪೆನ್ ಡ್ರೈವುಗಳು, ಎಲ್ಲವನ್ನೂ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದರು. ಹಾರ್ಡ್ ಡಿಸ್ಕ್ ಎತ್ತುವಾಗ ಆಪಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಅಬ್ಬಾನ ಅಂಕ ಅದರಾಗ ಐತಿ. ಅದೊಂದು ಕೊಟ್ಟು ಹೋಗ್ರಿ ಅಂತ ಹೇಳ್ರಿ" ಎಂದರು. ಹೇಳಿದೆ. ತನಿಖೆ ಮುಗಿಯುವವರೆಗೆ ಏನನ್ನೂ ಕೊಡುವಂತಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದು ಆ ಹುಡುಗಿ ನಯವಾಗಿ ಹೇಳಿದಳು.

ಒಂದೇ ರಾತ್ರಿಯಲ್ಲಿ ಅದನ್ನು ಬೇರೆ ಯಾರಾದರೂ ಇಳಿಸಿಕೊಂಡ ಸುಳಿವು ಎಲ್ಲೂ ಸಿಗಲಿಲ್ಲ. ಸೊಲ್ಲಾಪುರಕ್ಕೆ ಫೋನ್ ಮಾಡಿದೆವು. ಮೇಷ್ಟ್ರ ಹಳೆಯ ಟೇಪು ಪ್ರತಿ ಮಾಡುವಾಗಲೇ ತುಂಡುತುಂಡಾಗಿತ್ತಂತೆ. ಆಪಾಗೆ ಫೈಲು ಮುಟ್ಟಿತೆಂದು ಗೊತ್ತಾದ ಮೇಲೆ, ಫೋನಿನಲ್ಲಿ ಜಾಗವಿಲ್ಲವೆಂದು ಅಳಿಸಿಬಿಟ್ಟಿದ್ದರು. "ನಿಮ್ಮ ಕಡೆ ಐತಲ್ಲ ತಂಗಿ, ಅಂದ್ರ ನನ್ನ ಕಡೆ ಇದ್ದಂಗ ಅಂತ ತಿಳದೆ" ಎಂದು ಅತ್ತರು.

ನಮ್ಮ ಕನ್ನಡದವರ ಬಗ್ಗೆಯೂ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಸುದ್ದಿ ಹಬ್ಬಿದ್ದೇ ಹಬ್ಬಿದ್ದು, ವಾಟ್ಸಾಪ್ ಗುಂಪಿನಿಂದ ಆಪಾ ಹೆಸರೇ ಮಾಯವಾಯಿತು. ಅವರ ಸೋಫಾದ ಮೇಲೆ ಮಕ್ಕಳನ್ನು ಬಿಟ್ಟು ಶಾಪಿಂಗ್‌ಗೆ ಹೋಗುತ್ತಿದ್ದವರು, "ನಮಗೆ ಪರ್ಮನೆಂಟ್ ರೆಸಿಡೆನ್ಸ್ ಅಪ್ಲಿಕೇಶನ್ ಇದೆ, ರಿಸ್ಕ್ ಯಾಕೆ" ಎಂದರು. ಒಬ್ಬ ಮಹಾಶಯರು ನನ್ನ ಎದುರೇ, "ಕದಿಯೋದು ತಪ್ಪಲ್ವಾ" ಎಂದು ಉಪದೇಶ ಮಾಡಿದರು. ಅವರ ಮನೆಯ ಟಿವಿಯಲ್ಲಿ ಓಡುತ್ತಿದ್ದ ಕ್ರಿಕೆಟ್ ಎಲ್ಲಿಂದ ಬರುತ್ತಿತ್ತೋ ಊರಿಗೆಲ್ಲ ಗೊತ್ತಿತ್ತು. ಬಾಯಿಗೆ ಬಂದದ್ದು ಅಂದೇ ನಾನು ಮನೆಗೆ ಬಂದದ್ದು.

ಅಷ್ಟರಲ್ಲಿ ಜುಲೈ ಬಂತು. ಜುಲೈನಲ್ಲಿ ಸ್ವೀಡನ್ನಿನಲ್ಲಿ ಏನೂ ನಡೆಯುವುದಿಲ್ಲ, ದೇಶವೇ ಬೀಗ ಹಾಕಿಕೊಂಡು ರಜೆಗೆ ಹೋಗುತ್ತದೆ. ಆಪಾ ಪರವಾಗಿ ನಾನು ಪೊಲೀಸರಿಗೆ ಫೋನ್ ಮಾಡಿದಾಗಲೆಲ್ಲ, ಈ ಕೇಸು ನೋಡುವವರು ರಜೆಯಲ್ಲಿದ್ದಾರೆ, ಆಗಸ್ಟಿನಲ್ಲಿ ಬರುತ್ತಾರೆ ಎಂಬ ಉತ್ತರ. ಒಬ್ಬರ ತಂದೆ ಸಾಯುತ್ತಿದ್ದಾರೆ, ಒಂದೇ ಒಂದು ಫೈಲು ಬೇಕು ಎಂದೆ. "ಅರ್ಥವಾಗುತ್ತದೆ" ಎಂದಳು ಆ ಕಡೆಯ ಹೆಂಗಸು. ಅರ್ಥವಾಗುತ್ತದಂತೆ! ಆಮೇಲೆ ಒಳ್ಳೆಯ ಬೇಸಿಗೆ ನಿಮ್ಮದಾಗಲಿ ಎಂದು ಹಾರೈಸಿ ಫೋನಿಟ್ಟಳು.

ಆಪಾ ಗದಗಿಗೆ ಹೋದರು. ಅಲ್ಲಿ ನಡೆದದ್ದನ್ನು ವಾಪಸ್ ಬಂದ ಮೇಲೆ ನನಗೆ ಹೇಳಿದರು. ಹಾಸಿಗೆಯ ಪಕ್ಕ ಕೂತಾಗ ಅಬ್ಬಾ ಕೇಳಿದ್ದು ಅದನ್ನೇ, ಕಡೆಯ ಅಂಕ ತಂದೆಯಾ ಎಂದು. ಸುಳ್ಳು ಹೇಳಲು ಆಪಾಗೆ ಬಾಯಿ ಬರಲಿಲ್ಲ. ಪೊಲೀಸರ ಹತ್ತಿರ ಇದೆ ಎಂದರು. ಮುದುಕರು ನಕ್ಕರಂತೆ.

"ನಮ್ಮ ನಾಟಕಕ್ಕ ಪೊಲೀಸರು ಯಾವಾಗ್ಲೂ ಟಿಕೀಟಿಲ್ಲದನ ಬರ್ತಿದ್ರು, ಮುಂದಿನ ಸಾಲಿನ್ಯಾಗ ಕೂಡ್ತಿದ್ರು. ಕಡೀ ಅಂಕ ಬರೂದ್ರಾಗ ಎದ್ದು ಹೋಗ್ತಿದ್ರು. ಈ ಸಲಾನರ ಪೂರಾ ಕೇಳ್ಲಿ ಬಿಡು."

ಆಗಸ್ಟ್ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು... ಇದನ್ನು ಹೇಳುವಾಗ ಆಪಾ ಅಳಲಿಲ್ಲ. ಚಹಾದ ಲೋಟ ಹಿಡಿದುಕೊಂಡು, ಕುಡಿಯದೆ, ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನನಗೇ ಅಳು ತಡೆಯಲಾಗಲಿಲ್ಲ.

ಕೇಸು ಮುಗಿಯಲು ಇನ್ನೂ ಬಹಳ ಸಮಯ ಹಿಡಿಯಿತು. ದಂಡ ಬಿತ್ತು, ಕಟ್ಟಿದರು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾರ್ಡ್ ಡಿಸ್ಕ್ ಅಪರಾಧದ ಸಾಧನವಂತೆ, ಅದನ್ನು ನಾಶ ಮಾಡಲಾಗುವುದಂತೆ. ಅದಕ್ಕೆ ಮೊದಲು ಆ ಒಂದು ಫೈಲನ್ನಾದರೂ ಪ್ರತಿ ಮಾಡಿ ಕೊಡಿ ಎಂದು ಲಾಯರ್ ಕೇಳಿದರು. ಆಗ ಬಂದ ಉತ್ತರ ನನ್ನ ತಲೆಯಲ್ಲಿ ಈಗಲೂ ಕೊರೆಯುತ್ತಿದೆ. ಆ ರೆಕಾರ್ಡಿಂಗಿನ ಹಕ್ಕೂ ಯಾರದೋ ಆಗಿರಬೇಕು, ಆದ್ದರಿಂದ ಪ್ರತಿ ಮಾಡಿಕೊಟ್ಟರೆ ಅದೇ ಕಾನೂನು ಮುರಿದಂತಾಗುತ್ತದೆ! ಯಾರ ಹಕ್ಕು? ಅವರಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಗರಜೂ ಇಲ್ಲ. ಬೆರಳು ಸವೆಸಿದ ಮನುಷ್ಯನಿಗೆ ಅದರ ಮೇಲೆ ಹಕ್ಕಿಲ್ಲ, ಅವನ ಮಗಳಿಗೂ ಇಲ್ಲ. ಹೆಸರೇ ಗೊತ್ತಿಲ್ಲದ ಒಬ್ಬ ಯಜಮಾನನಿಗೆ ನೋವಾಗಬಾರದೆಂದು ಅದನ್ನು ಪುಡಿ ಮಾಡಿದರು.

ಮುಂದಿನ ವರ್ಷ ಆಪಾ ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಹಬ್ಬಕ್ಕೆ ಮಾತಾಡುತ್ತೇವೆ. ಈಗ ಮನೆಯಲ್ಲಿ ಕಂಪ್ಯೂಟರ್ ಇಟ್ಟಿಲ್ಲವಂತೆ. ಫೋನಿಗೆ ಒಂದು ಹಾಡು ಕಳಿಸಿದರೂ, "ಇದು ನಡೀತದೇನ್ರೀ, ಏನೂ ತೊಂದ್ರಿ ಇಲ್ಲಲ್ಲ?" ಎಂದು ಕೇಳುತ್ತಾರೆ. ಅಷ್ಟು ಧಾರಾಳವಾಗಿದ್ದ ಹೆಂಗಸನ್ನು ಹೀಗೆ ಮಾಡಿಟ್ಟರಲ್ಲ ಎಂದು ನನಗೆ ಸಂಕಟವಾಗುತ್ತದೆ.

ಈಗ ಇಲ್ಲಿಯ ಸರ್ಕಾರದಲ್ಲಿ ಇನ್ನೂ ಬಿಗಿ ಮಾಡುವ ಮಾತು ನಡೆಯುತ್ತಿದೆ. ಹಂಚಿದವರಿಗಷ್ಟೇ ಅಲ್ಲ, ಮನೆಯಲ್ಲಿ ಕೂತು ನೋಡಿದವರಿಗೂ ಶಿಕ್ಷೆಯಾಗಬೇಕಂತೆ. ಆಗಲಿ. ಕಾನೂನಿನ ಪ್ರಕಾರವೇ ನಡೆಯೋಣ ಎಂದು ಈ ವಾರ ನಾನೂ ಹಟ ಹಿಡಿದು ಕೂತೆ. ಆ ಕ್ಯಾಸೆಟ್ ಕಂಪನಿ ಯಾರ ಪಾಲಾಯಿತು, ಅವರಿಂದ ಯಾರು ಕೊಂಡರು ಎಂದು ಕೇಳುತ್ತಾ ಕೇಳುತ್ತಾ ಹೋಗಿ, ಕಡೆಗೆ ನಿನ್ನೆ ಬೆಂಗಳೂರಿನ ಒಂದು ಆಫೀಸಿಗೆ ಫೋನ್ ಹತ್ತಿತು. ಹೌದು ಮೇಡಂ, ಆ ನಾಟಕದ ರೈಟ್ಸ್ ನಮ್ಮದೇ ಎಂದ ಆ ಕಡೆಯ ಗಂಡಸು, ಹೆಮ್ಮೆಯಿಂದ.

ಎಷ್ಟಾದರೂ ಸರಿ, ಕಡೆಯ ಅಂಕದ ಒಂದು ಪ್ರತಿ ಕೊಡಿ ಎಂದೆ.

"ಅಯ್ಯೋ, ಆಡಿಯೋ ಇಲ್ಲ ಮೇಡಂ. ಟೇಪ್‌ಗಳು ನಮ್ ಕೈಗೆ ಬರಲೇ ಇಲ್ಲ, ಬರೀ ಪೇಪರ್ಸ್ ಬಂತು" ಎಂದ. ಆಮೇಲೆ, "ನಿಮ್ ಹತ್ರ ಕಾಪಿ ಏನಾದ್ರೂ ಇದ್ರೆ ನಮಗೆ ಕಳಿಸ್ತೀರಾ?" ಎಂದ.

ನಾನು ಫೋನಿಟ್ಟೆ. ಮಸ್ಕತ್‌ಗೆ ಫೋನ್ ಮಾಡಿ ಇದನ್ನು ಆಪಾಗೆ ಹೇಳಬೇಕೆಂದು ನಂಬರ್ ತೆಗೆದೆ... ಏನೆಂದು ಹೇಳಲಿ? ಇನ್ನೂ ಹೇಳಿಲ್ಲ.