ಒಮ್ಮೆಯೂ ಹಾರಿಸದ ಪಿಸ್ತೂಲು

ಕತಾರಿನ ಅಲ್ ಖೋರ್ ಪಟ್ಟಣದ ಒಂದು ಮನೆಯಲ್ಲಿ ನಾನು ಹೋಮ್ ನರ್ಸ್ ಆಗಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಮನೆಯವರೆಲ್ಲ ಬಾಬಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಲ್ಲಿಯವರೇ. ಪಾರ್ಕಿನ್ಸನ್ ಕಾಯಿಲೆಯಿಂದ ಅವರ ಬಲಗೈ ಸದಾ ನಡುಗುತ್ತಿತ್ತು. ಹುಡುಗನಾಗಿದ್ದಾಗ ಅಪ್ಪನ ಜೊತೆ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬಂದು ಕಲಿತ ಹಿಂದಿ ಇನ್ನೂ ಅವರ ಬಾಯಲ್ಲಿತ್ತು. ನನ್ನದು ಕಾರ್ಕಳದ ಶಾಲೆಯ ಹಿಂದಿ. ಆ ಎರಡು ಹರಕು ಹಿಂದಿಗಳಲ್ಲೇ ನಮ್ಮ ಮಾತುಕತೆ. ಮನೆಯಲ್ಲಿ ಅವರು ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ಮಗಳು, ಇಬ್ಬರೇ. ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ.

ಆ ಚಳಿಗಾಲದಲ್ಲಿ ಬಾಬಾ, ಹೆಂಡತಿ ಜೋಪಾನವಾಗಿ ಎತ್ತಿಟ್ಟಿದ್ದ ವಸ್ತುಗಳನ್ನು ಒಂದೊಂದಾಗಿ ಹೊರಗೆ ತೆಗೆಸತೊಡಗಿದರು. ಮೊದಲು ಷೋಕೇಸಿನ ಚಿನ್ನದಂಚಿನ ಟೀ ಕಪ್ಪುಗಳು. ಆಮೇಲೆ ಮುಚ್ಚಳ ತೆರೆಯದ ಅತ್ತರಿನ ಸೀಸೆಗಳು. ಒಂದನ್ನು ನನಗೆ ಕೊಟ್ಟರು, ಒಂದನ್ನು ಡ್ರೈವರಿಗೆ. "ಇನ್ನು ಯಾರಿಗೆ ಅಂತ ಇಡೋದು?" ಎಂದರು. ಮುದುಕರಿಗೆ ಬದುಕಿನಲ್ಲಿ ಮತ್ತೆ ಆಸೆ ಹುಟ್ಟಿದೆ ಎಂದು ನನಗೆ ಖುಷಿಯೇ ಆಗಿತ್ತು.

ಹಾಗೆ ಹೊರಗೆ ಬಂದದ್ದೇ ಆ ಪಿಸ್ತೂಲು. ಮರದ ಪೆಟ್ಟಿಗೆ, ಒಳಗೆ ಕಡುಹಸಿರು ಮಖಮಲ್ಲು, ಅದರಲ್ಲಿ ಬೆಳ್ಳಿ ಕೆತ್ತನೆಯ ಹಿಡಿ. ಬಾಬಾ ನಿವೃತ್ತರಾದಾಗ ಹೆಂಡತಿ ಕೊಡಿಸಿದ್ದಂತೆ. ಲೈಸೆನ್ಸ್ ಅವರ ಹೆಸರಿನಲ್ಲೇ ಇತ್ತು. ಹಾರಿಸಿದರೆ ಅಂದ ಕೆಡುತ್ತದೆ, ನೋಡಲಷ್ಟೇ ಇರಲಿ ಎಂದು ಆಕೆ ಹೇಳಿದ್ದರಿಂದ ಒಂದು ಸಲವೂ ಹಾರಿಸಿರಲಿಲ್ಲ.

ಕೈ ನಡುಗುವ ಅಪ್ಪನ ಮನೆಯಲ್ಲಿ ಅದೇಕೆ, ಮಾರಿಬಿಡೋಣ ಎಂದು ಮಗಳು ಹಟ ಹಿಡಿದಳು. ಹಳೆಯ ಆಯುಧ ಸಂಗ್ರಹಿಸುವ, ಹಿಂದಿ ಮಾತಾಡುವ ಒಬ್ಬರನ್ನು ಕರೆಸಿದಳು. ಅವರು ಬಿಳಿ ಗ್ಲೌಸ್ ಹಾಕಿಕೊಂಡು, ಪುಟ್ಟ ಟಾರ್ಚಿನಿಂದ ನಳಿಗೆಯೊಳಗೆ ನೋಡಿ, ಒಮ್ಮೆಯೂ ಹಾರಿಸದ್ದೇ ಇದರ ಬೆಲೆ ಎಂದು ತಲೆದೂಗಿದರು.

"ಒಂದೇ ಒಂದು ಸಲ ಹಾರಿಸಿದರೆ?" ಬಾಬಾ ಕೇಳಿದರು.

"ಆಗ ಇದು ಎಲ್ಲ ಪಿಸ್ತೂಲುಗಳ ಹಾಗೆ. ನನಗೆ ಬೇಡ. ಯೋಚಿಸಿ ಹೇಳಿ" ಎಂದು ಅವರು ಹೊರಟುಹೋದರು.

ಅಂದಿನಿಂದ ಬಾಬಾಗೆ ಅದೇ ಧ್ಯಾನ. ಮಾತ್ರೆ ಕೊಡಲು ಹೋದರೂ, ಕಾಲು ಒತ್ತಲು ಕೂತರೂ, "ಸಿಸ್ಟರ್, ಮಾರಲೋ ಹಾರಿಸಲೋ?" ಮಾರಿಬಿಡಿ ಬಾಬಾ ಎಂದರೆ ಪೆಟ್ಟಿಗೆಯ ಮುಚ್ಚಳ ಸವರುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಮೆಲ್ಲಗೆ ಕೇಳಿದರು: "ಇಷ್ಟು ವರ್ಷ ಸುಮ್ಮನೆ ಬಿದ್ದಿದೆ. ಒತ್ತಿದರೆ ಖಂಡಿತ ಹಾರುತ್ತದಾ?"

ಆಗ ನನಗೆ ನೆನಪಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಹಿರಿಯ ನರ್ಸೊಬ್ಬರು ಒಂದು ಮಾತು ಹೇಳಿದ್ದರು. ಕಾಯಿಲೆಯವರು ಇದ್ದಕ್ಕಿದ್ದಂತೆ ತಮ್ಮದನ್ನೆಲ್ಲ ಹಂಚತೊಡಗಿದರೆ ಅವರನ್ನು ಒಬ್ಬರೇ ಇರಲು ಬಿಡಬೇಡ ಅಂತ. ಕಪ್ಪುಗಳು, ಅತ್ತರು, ಈಗ ಇದು. ಶುಕ್ರವಾರ, ರಜೆಯ ದಿನ, ದೋಹಾದ ಅಬು ಹಮೂರಿನ ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ನನ್ನ ಕಿವಿಯಲ್ಲಿ ಅದೇ ಪ್ರಶ್ನೆ. ಗಂಡನಿಗೆ ಹೇಳಿದೆ. ಅವರು ಗ್ಯಾಸ್ ಪ್ಲಾಂಟಿನ ಕೆಲಸದವರು, ಮನೆಗೆ ಬಂದಾಗ ಸೋತಿರುತ್ತಿದ್ದರು. "ಅವರ ಮನೆ ವಿಷಯಕ್ಕೆ ನೀನು ತಲೆ ಹಾಕಬೇಡ" ಎಂದರು. ನನ್ನ ಕೆಲಸ ಹೋದೀತೆಂದು ಅವರಿಗೂ ಭಯವೇ.

ಮರುವಾರ ಬಾಬಾ ಸ್ನಾನ ಮುಗಿಸಿ ಸೋಫಾದಲ್ಲಿ ಕೂತಿದ್ದಾಗ ನಾನು ಮಾತ್ರೆಯ ಡ್ರಾಯರ್ ತೆರೆದೆ. ಮಾತ್ರೆಗಳ ಕೆಳಗೆ ಟಿಶ್ಯೂನಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದರೆ ಎರಡು ಗುಂಡುಗಳು. ಅವು ಅಷ್ಟು ತಣ್ಣಗಿರುತ್ತವೆ, ಅಷ್ಟು ಭಾರವಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಯೋಚಿಸುವ ಮೊದಲೇ ಏಪ್ರನ್ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಅಂಗಳದಲ್ಲಿ ಡ್ರೈವರ್ ಕಾರು ತೊಳೆಯುತ್ತಿದ್ದ. ಬಾಗಲಕೋಟೆ ಕಡೆಯವನು. ಆ ಮನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವನು ಅವನೊಬ್ಬನೇ.

"ಯಾಕ್ರೀ ಅಕ್ಕಾರ, ಮಾರಿ ಹಿಂಗ ಬಿಳಚಿಕೊಂಡೈತಿ?"

ಜೇಬು ಅಗಲಿಸಿ ತೋರಿಸಿದೆ. ಅವನ ಕೈಯಿಂದ ಪೈಪು ಜಾರಿತು.

"ಅಯ್ಯೋ, ಇದನ್ಯಾಕ ಕಿಸೇದಾಗ ಇಟ್ಕೊಂಡೀರಿ! ಹೊರಗಿನವರ ಕೈಯಾಗ ಇಂಥಾದ್ದು ಸಿಕ್ರ ಖಲಾಸ್ ರೀ. ಜೇಲು, ಆಮ್ಯಾಲೆ ಸೀದಾ ಊರಿಗೆ ಅಟ್ತಾರ."

"ಹಾಗಾದ್ರೆ ವಾಪಸ್ ಅಲ್ಲೇ ಇಡುದಾ? ಅವರು ತಮಗೇ ಏನಾದ್ರೂ ಮಾಡ್ಕೊಂಡ್ರೆ?"

ಅವನು ನಲ್ಲಿ ನಿಲ್ಲಿಸಿ ಬಂದ. "ಮಗಳಿಗೆ ಫೋನ್ ಹಚ್ರಿ. ಈಗ. ನಾ ಇಲ್ಲೇ ನಿಂತಿರ್ತೀನಿ."

ಫೋನ್ ಕೈಯಲ್ಲಿ ಹಿಡಿದು ನಿಂತೆ. ನಿಮ್ಮ ತಂದೆ ಸಾಯಲು ನೋಡುತ್ತಿದ್ದಾರೆ ಎಂದು ಆ ಮನೆಯ ಮಗಳಿಗೆ ಹೇಗೆ ಹೇಳುವುದು? ಅವರಲ್ಲಿ ಅದು ದೊಡ್ಡ ಪಾಪ, ದೊಡ್ಡ ಅವಮಾನ. ನನ್ನ ಊಹೆ ಸುಳ್ಳಾದರೆ ಕೆಲಸ ಹೋಗುತ್ತದೆ. ನಿಜವಾದರೆ? ಕೊನೆಗೆ, "ಮೇಡಂ, ಬಾಬಾ ಚೆನ್ನಾಗಿದ್ದಾರೆ. ಆದರೆ ನೀವು ಈಗಲೇ ಬನ್ನಿ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

ಒಳಗೆ ಹೋದಾಗ ಪೆಟ್ಟಿಗೆ ಬಾಬಾ ಅವರ ತೊಡೆಯ ಮೇಲೆ ತೆರೆದುಕೊಂಡಿತ್ತು. ಪಿಸ್ತೂಲು ಎಡಗೈಯಲ್ಲಿತ್ತು, ನಡುಗದ ಕೈಯಲ್ಲಿ. ನನ್ನ ಜೇಬಿನಲ್ಲಿ ಎರಡು ಗುಂಡು ಇವೆ, ಸರಿ. ಮೂರನೆಯದೊಂದು ಇದ್ದರೆ? ಓಡಿಹೋಗೋಣ ಅನಿಸಿತು. ಬಾಗಿಲಲ್ಲೇ ನಿಂತು ಕೇಳಿದೆ.

"ಅದರಲ್ಲಿ ಗುಂಡಿದೆಯಾ ಬಾಬಾ?"

"ಮಾಫಿ" ಎಂದರು. ಇಲ್ಲ ಎಂದು. "ಇದ್ದದ್ದನ್ನು ನೀನು ತೆಗೆದುಕೊಂಡೆಯಲ್ಲ."

ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೊನೆಗೆ ಕೇಳಿಬಿಟ್ಟೆ. "ಬಾಬಾ, ನಿಮಗೆ ಸಾಯಬೇಕು ಅನಿಸುತ್ತಿದೆಯಾ?"

ಅವರು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ನೋಡಿದರು. "ಒಮ್ಮೊಮ್ಮೆ. ಬೆಳಿಗ್ಗೆ ಎದ್ದಾಗ. ಹಾಸಿಗೆಯ ಆ ಕಡೆ ಖಾಲಿ ಇರುತ್ತದಲ್ಲ, ಆಗ."

"ಈಗ?"

"ಈಗ ಗೊತ್ತಿಲ್ಲ."

ನಾನು ಕೈ ಚಾಚಿದೆ. ಅದು ಅವರ ಬಲಗೈಗಿಂತ ಹೆಚ್ಚು ನಡುಗುತ್ತಿತ್ತು. ಅವರು ಅದನ್ನೇ ನೋಡಿದರು. ಪಿಸ್ತೂಲನ್ನು ನನಗೆ ಕೊಡಲಿಲ್ಲ, ಮೆಲ್ಲಗೆ ಮಖಮಲ್ಲಿನ ಮೇಲೆ ಇಟ್ಟರು. ನಾನು ಮುಚ್ಚಳ ಮುಚ್ಚಿ, ಮಗಳು ಬರುವವರೆಗೂ ಅದರ ಮೇಲೆ ಕೈಯೂರಿ ಕೂತಿದ್ದೆ.

ಮಗಳು ಬಂದಳು. ಜೇಬಿನದನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು ಅರಬಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಅಮ್ಮ ಎಂಬ ಮಾತು ಮತ್ತೆ ಮತ್ತೆ ಬಂದದ್ದಷ್ಟೇ ನನಗೆ ತಿಳಿದದ್ದು. ಆ ದಿನವೇ ಪೆಟ್ಟಿಗೆ ಲೈಸೆನ್ಸ್ ಇದ್ದ ಅವಳ ದೊಡ್ಡಪ್ಪನ ಮಗನ ತಿಜೋರಿಗೆ ಹೋಯಿತು. ಮನಸ್ಸಿನ ಡಾಕ್ಟರು ಮನೆಗೆ ಬರತೊಡಗಿದರು.

ಬಾಬಾ ಮತ್ತೆ ಸರಿಯಾಗಿ ಊಟ ಮಾಡತೊಡಗಿದ ಮೇಲೆ ಮಗಳು ತಾನಾಗಿ ಕೇಳಿದಳು, ಅದನ್ನು ಏನು ಮಾಡೋಣ ಎಂದು. ಬಾಬಾ ಹೇಳಿದ್ದನ್ನು ಅವಳೇ ಆಮೇಲೆ ನನಗೆ ತಿಳಿಸಿದಳು: "ಮಾರಿದರೆ ಇನ್ನೊಬ್ಬನ ಕಪಾಟಿನಲ್ಲಿ ಮಲಗಿರುತ್ತದೆ. ನಿನ್ನ ಅಮ್ಮ ಕೊಟ್ಟದ್ದರ ಸದ್ದನ್ನು ಒಂದು ಸಲ ಕೇಳಬೇಕು ನಾನು." ಡಾಕ್ಟರ್ ಯೋಚಿಸಿ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ.

ದೋಹಾದ ಹೊರಗಿನ ಶೂಟಿಂಗ್ ರೇಂಜಿಗೆ ಹೋದೆವು. ದಾರಿಯುದ್ದಕ್ಕೂ ಜಪಮಾಲೆ ನನ್ನ ಬೆರಳಲ್ಲಿತ್ತು. ಅಲ್ಲಿನ ತರಬೇತುದಾರ ಪಿಸ್ತೂಲನ್ನು ಬಿಚ್ಚಿ, ಒರೆಸಿ, ಒಂದೇ ಒಂದು ಗುಂಡು ತುಂಬಿದ. ಕಿವಿ ಮುಚ್ಚಿಕೊಳ್ಳಲು ಹೆಡ್‌ಫೋನಿನಂಥದ್ದು ಕೊಟ್ಟರು. ಬಾಬಾ ಬಲಗೈಯನ್ನೇ ಎತ್ತಿದರು, ತರಬೇತುದಾರ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಕೊಟ್ಟ. ನಳಿಗೆ ಆಚೀಚೆ ತೂಗಾಡಿತು. ಈಗ ಅದು ಅವರ ಕಡೆಗೇ ತಿರುಗಿಬಿಟ್ಟರೆ ಎಂದು ನಾನು ಉಸಿರು ಹಿಡಿದೆ. ಮಗಳು ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು.

ಸದ್ದು ನನ್ನ ಹೊಟ್ಟೆಯಲ್ಲಿ ಕೇಳಿಸಿತು. ನಾನು ಕೂಗಿಬಿಟ್ಟೆನಂತೆ. ಗುರಿಯ ಕಾಗದ ಇದ್ದಲ್ಲೇ ಇತ್ತು, ಅದರ ಮೇಲೆ ಒಂದು ತೂತೂ ಇಲ್ಲ.

ಬಾಬಾ ತಿರುಗಿ ನಮ್ಮಿಬ್ಬರನ್ನೂ ನೋಡಿದರು. "ಇಷ್ಟೇನಾ?" ಎಂದರು. ಮಗಳು ನಗುತ್ತಾ ಅತ್ತಳು.

ಬಿಳಿ ಗ್ಲೌಸಿನ ಆ ಸಂಗ್ರಹಕಾರರಿಗೆ ಅವಳು ಫೋನ್ ಮಾಡಿ ವಿಷಯ ಹೇಳಿದಳು, ಅವರು ಮತ್ತೆ ಬರಲಿಲ್ಲ. ಬಾಬಾ ಪಿಸ್ತೂಲನ್ನು ಅವಳ ದೊಡ್ಡಪ್ಪನ ಮಗನಿಗೇ ಬರೆದುಕೊಟ್ಟರು, ಮನೆಗೆ ತರಿಸಲಿಲ್ಲ.

ನನ್ನ ಹೆದರಿಕೆ ಮಾತ್ರ ಅಷ್ಟು ಸುಲಭವಾಗಿ ಹೋಗಲಿಲ್ಲ. ಬಾಬಾ ಬಾತ್‌ರೂಮಿನಲ್ಲಿ ತಡ ಮಾಡಿದರೆ ಬಾಗಿಲು ಬಡಿಯುತ್ತಿದ್ದೆ. ಬೆಳಿಗ್ಗೆ ಹೋದ ಕೂಡಲೇ, "ಇವತ್ತು ಹೇಗಿದೆ ಬಾಬಾ?" ಎಂದು ಕೇಳುತ್ತಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಪರವಾಗಿಲ್ಲ ಎಂದ ದಿನ ಪರವಾಗಿಲ್ಲ. ಕಷ್ಟ ಎಂದ ದಿನ ನಾನು ಮಗಳಿಗೆ ಫೋನ್ ಮಾಡುತ್ತಿದ್ದೆ. ಡ್ರೈವರ್ ಕಾರು ಹೊರಗೆ ತೆಗೆಯುತ್ತಿದ್ದ. "ಯಲ್ಲಾ", ಹೊರಡೋಣ ಎಂದು, ಬಾಬಾ ತಾವೇ ಕೋಲು ಹುಡುಕುತ್ತಿದ್ದರು. ಮೀನಿನ ದೋಣಿಗಳು ಬಂದು ನಿಲ್ಲುವ ಕಡೆ ಕಾರು ನಿಲ್ಲಿಸಿ, ಮಗಳು ಬಂದು ಸೇರುವವರೆಗೂ ನಾವು ಮೂವರೂ ಕಡಲು ನೋಡುತ್ತಾ ಕೂತಿರುತ್ತಿದ್ದೆವು.